ನಿಮಗೇ ಕಷ್ಟ ಆಗುತ್ತೆ

ನಾನು ಕೆನಡಾದಲ್ಲಿ ಕೆಲಸ ಮಾಡುವವಳು. ವರ್ಷಕ್ಕೊಮ್ಮೆ ಆಫೀಸಿನಿಂದ ಒಂದು ಮೇಲ್ ಬರುತ್ತದೆ. ಅದರಲ್ಲೊಂದು ಲಿಂಕ್, ಒತ್ತಿದರೆ ಒಂದೇ ಪುಟದ ಫಾರಂ. ಮುಖ್ಯವಾಗಿ ನಾಲ್ಕು ಪ್ರಶ್ನೆ. ನೀವು ಹೆಂಗಸಾ? ಇಲ್ಲಿನ ಮೂಲನಿವಾಸಿಯಾ? 'ವಿಸಿಬಲ್ ಮೈನಾರಿಟಿ'ಗೆ, ಅಂದರೆ ಬಿಳಿಯರಲ್ಲದ ಗುಂಪಿಗೆ, ಸೇರಿದವರಾ? ನಿಮಗೆ ಅಂಗವೈಕಲ್ಯ ಇದೆಯಾ? ಮೊದಲ ಮೂರಕ್ಕೆ ಹೌದು, ಇಲ್ಲ, ಹೌದು ಅಂತ ಟಿಕ್ ಮಾಡೋಕೆ ನನಗೆ ಹತ್ತು ಸೆಕೆಂಡೂ ಬೇಡ. ನಾಲ್ಕನೆಯದರ ಹತ್ತಿರ ಬಂದ ತಕ್ಷಣ ಏನೋ ಒಂದು ಕೆಲಸ ನೆನಪಾಗುತ್ತದೆ. ಕಾಫಿ ತರೋಕೆ ಏಳುತ್ತೇನೆ. ಐದು ವರ್ಷ ಆ ಪ್ರಶ್ನೆಯನ್ನು ಖಾಲಿ ಬಿಟ್ಟೇ ಫಾರಂ ಕಳಿಸಿದ್ದೇನೆ.

ನನ್ನ ಎಡಗಿವಿ ಕೇಳುವುದಿಲ್ಲ. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂತು. ಬಾವು ಇಳಿಯಿತು, ಎಡಗಿವಿ ಮಾತ್ರ ಹೋಯಿತು. ಬಲಗಿವಿ ಚೆನ್ನಾಗಿದೆ, ಹಾಗಾಗಿ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗದ ಹಾಗೆ ಬದುಕೋದನ್ನು ನಾನೂ ಚೆನ್ನಾಗಿ ಕಲಿತಿದ್ದೇನೆ. ಯಾವ ಕೋಣೆಗೆ ಹೋದರೂ ಮೊದಲು ಕಣ್ಣು ಹೋಗೋದು ಕುರ್ಚಿಯ ಮೇಲೆ. ಎಡಕ್ಕೆ ಗೋಡೆ ಬರುವ ಕುರ್ಚಿ ಸಿಕ್ಕಿದರೆ ಆ ದಿನ ನೆಮ್ಮದಿ. ಮದುವೆ ಮನೆಯ ಪಂಕ್ತಿಯಲ್ಲಿ ಎಡಗಡೆ ಕೂತವರ ಜೊತೆ ನಾನು ಬರೀ ನಗುತ್ತೇನೆ. 'ಹುಡುಗಿಗೆ ಸ್ವಲ್ಪ ಜಂಬ' ಅಂತ ಹೆಸರು ಬಂದಿದ್ದೂ ಹಾಗೆಯೇ.

ಈ ಫಾರಂನ ಹಿಂದೆ ಕೆನಡಾದ ಎಂಪ್ಲಾಯ್‌ಮೆಂಟ್ ಈಕ್ವಿಟಿ ಕಾಯ್ದೆ ಇದೆ. 1986ರಲ್ಲಿ ಬಂತು, 1995ರಲ್ಲಿ ಹೊಸದಾಗಿ ಬರೆದರು. ಬ್ಯಾಂಕು, ವಿಮಾನ, ರೈಲು, ಟೆಲಿಕಾಂ ಥರದ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ಕ್ಷೇತ್ರಗಳಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಜನಕ್ಕೆ ಕೆಲಸ ಕೊಟ್ಟವರೆಲ್ಲ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಈ ನಾಲ್ಕು ಗುಂಪಿನವರು ನಿಮ್ಮಲ್ಲಿ ಎಷ್ಟು ಜನ, ಯಾವ ಮಟ್ಟದಲ್ಲಿ, ಎಷ್ಟು ಸಂಬಳಕ್ಕೆ ಅಂತ. ಅಂಗವಿಕಲರು ಅಂದರೆ ಯಾರು ಅಂತ ಕಾಯ್ದೆ ಹೇಳುವ ರೀತಿ ನೋಡಿ ನಾನು ಎರಡು ಸಲ ಓದಿದೆ. ಬಹುಕಾಲದ ನ್ಯೂನತೆ ಇರಬೇಕು, ಅದರ ಜೊತೆಗೆ 'ಇದರಿಂದ ಕೆಲಸದಲ್ಲಿ ನನಗೆ ಹಿನ್ನಡೆ ಆಗಿದೆ' ಅಂತ ನನಗೆ ಅನ್ನಿಸಿರಬೇಕು. ಇಲ್ಲವೇ, ಕೆಲಸ ಕೊಡುವವರು ನನ್ನನ್ನು ಹಾಗೆ ನೋಡಬಹುದು ಅಂತ ಅನ್ನಿಸಿರಬೇಕು. ಡಾಕ್ಟರ್ ಸರ್ಟಿಫಿಕೇಟಿನ ಮಾತೇ ಇಲ್ಲ. ನನ್ನ ಅಳುಕನ್ನೇ ಕೇಳುತ್ತಿದ್ದಾರೆ. ಅಳುಕು ಇರೋಳು ಅದನ್ನು ಆಫೀಸಿನ ಫಾರಂನಲ್ಲೇ ಬರೆಯುತ್ತಾಳಾ?

ನಮ್ಮೂರಿನ ಲೆಕ್ಕದಲ್ಲಾದರೆ ಈ ತಲೆನೋವೇ ಇಲ್ಲ. ಭಾರತದ 2016ರ ಕಾಯ್ದೆ ಕಿವುಡುತನವನ್ನು ಎರಡೂ ಕಿವಿ ಸೇರಿಸಿ ಅಳೆಯುತ್ತದೆ. ಒಂದು ಕಿವಿ ನೆಟ್ಟಗಿದ್ದರೆ ಪಟ್ಟಿಯಿಂದ ಹೊರಗೆ. ಮೈಸೂರಿನಲ್ಲಿ ಇಳಿದರೆ ನಾನು ಇವತ್ತಿಗೂ ಎಲ್ಲರ ಹಾಗೆ.

ಗಣತಿ ಟೀಚರ್

2011ರ ಫೆಬ್ರವರಿ. ನಮ್ಮ ಮನೆಗೆ ಗಣತಿಗೆ ಬಂದವರು ಹತ್ತಿರದ ಸರ್ಕಾರಿ ಶಾಲೆಯ ಟೀಚರ್. ಬಿಸಿಲಲ್ಲಿ ನಡೆದು ಬಂದಿದ್ದರು. ಅಮ್ಮ ಮಜ್ಜಿಗೆ ಕೊಟ್ಟರು. ಉದ್ದನೆಯ ಶೀಟನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಕಾಲಂ ತುಂಬುತ್ತಿದ್ದರು. ಹೆಸರು, ವಯಸ್ಸು, ಓದು, ಮಾತೃಭಾಷೆ. ಮಧ್ಯದಲ್ಲಿ ತಲೆ ಎತ್ತದೆ, "ಅಂಗವಿಕಲರು ಯಾರಾದ್ರೂ ಇದ್ದಾರಾ?" ಅಂದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ಅಯ್ಯೋ ಇಲ್ಲಮ್ಮ, ದೇವರ ದಯೆ, ನಮ್ಮನೇಲಿ ಅಂಥೋರು ಯಾರೂ ಇಲ್ಲ" ಅಂದರು. ಆ ವಾರವೇ ಬೆಂಗಳೂರಿನಿಂದ ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬರುವವರಿದ್ದರು. ಟೀಚರ್ ಪಕ್ಕದ ಬೀದಿಯವರು. ಅಮ್ಮ ಬೇರೆ ಏನು ಹೇಳಬೇಕಿತ್ತು?

ಆ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇ. 2.21. ಕೆನಡಾದಲ್ಲಿ 2022ರ ಸಮೀಕ್ಷೆ ಹೇಳುವುದು, 15 ವರ್ಷ ದಾಟಿದವರಲ್ಲಿ ಶೇ. 27. ಹೆಚ್ಚುಕಡಿಮೆ 80 ಲಕ್ಷ ಜನ. ಹಾಗಂತ ಕೆನಡಾದ ಗಾಳಿ ನೀರಿನಲ್ಲಿ ದೋಷ ಇದೆಯಾ? ಇಲ್ಲಿ ವಯಸ್ಸಾದವರು ಜಾಸ್ತಿ, ಅದು ಒಂದು ಕಾರಣ. ದೊಡ್ಡ ಕಾರಣ ಕೇಳುವ ರೀತಿ. ಇಲ್ಲಿ ನೇರವಾಗಿ 'ನೀವು ಅಂಗವಿಕಲರಾ' ಅಂತ ಶುರು ಮಾಡುವುದಿಲ್ಲ. ಕೇಳೋಕೆ ಕಷ್ಟ ಆಗುತ್ತಾ, ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ, ಎಷ್ಟು ಕಷ್ಟ, ಅದರಿಂದ ದಿನದ ಕೆಲಸಕ್ಕೆ ಎಷ್ಟು ಸಲ ತೊಂದರೆ ಆಗುತ್ತೆ, ಹೀಗೆ ಕೇಳುತ್ತಾ ಹೋಗುತ್ತಾರೆ. ಹಾಗೆ ಕೇಳಿದ್ದರೆ ಅಮ್ಮನೂ ತನ್ನ ಮಂಡಿ ನೋವಿನ ಕತೆ ಬಿಚ್ಚುತ್ತಿದ್ದರು. ನನ್ನ ಕಿವಿಯ ವಿಷಯ ಆಗಲೂ ಹೇಳುತ್ತಿರಲಿಲ್ಲ ಅನ್ನಿ.

ಮಹಡಿ ಮನೆ

ಇಷ್ಟೆಲ್ಲ ಯೋಚನೆ ಶುರುವಾಗಿದ್ದು 2022ರಲ್ಲಿ, ಟೊರೊಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ ಮನೆ ಹುಡುಕುವಾಗ. ಅಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅಪ್ಪ ಇಲ್ಲ. ಸೂಪರ್ ವೀಸಾ, ಅಂದರೆ ಅಪ್ಪ ಅಮ್ಮಂದಿರು ಮಕ್ಕಳ ಹತ್ತಿರ ಬಂದು ವರ್ಷಗಟ್ಟಲೆ ಇರೋಕೆ ಕೊಡುವ ಅತಿಥಿ ವೀಸಾ, ಮಾಡಿಸಿ ಕರೆಸಿಕೊಂಡೆವು. ಮನೆಯೊಳಗೆ ವಾಕರ್, ಹೊರಗೆ ವೀಲ್‌ಚೇರ್. ನಾವಿದ್ದ ಬೇಸ್‌ಮೆಂಟಿಗೆ ಹದಿಮೂರು ಮೆಟ್ಟಿಲು ಇಳಿಯಬೇಕು. ಬೇರೆ ಮನೆ ಬೇಕೇ ಬೇಕಿತ್ತು.

ಆ ಮನೆ ನಮಗೆ ತುಂಬಾ ಹಿಡಿಸಿತು. ನೆಲಮಹಡಿ, ಎರಡು ರೂಮು, ಬಚ್ಚಲು ಅಗಲವಾಗಿತ್ತು. ಓನರ್ ನಮ್ಮ ದೇಶದವರೇ, ನಮಗಿಂತ ಹದಿನೈದು ವರ್ಷ ಮೊದಲು ಬಂದವರು. ಟೀ ಕೊಟ್ಟರು. ಹಿಂದಿಯಲ್ಲಿ ಮಾತು. ನನ್ನ ಕೆಲಸದ ಲೆಟರ್ ನೋಡಿದರು, ಕ್ರೆಡಿಟ್ ಸ್ಕೋರ್ ನೋಡಿದರು, ಫಸ್ಟ್ ಅಂಡ್ ಲಾಸ್ಟ್ ಯಾವಾಗ ಕೊಡ್ತೀರಿ ಅಂದರು. ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆ ಮುಂಗಡ, ಇಲ್ಲಿ ಅದೇ ಅಡ್ವಾನ್ಸು. "ನೀವು ವೆಜ್ಜಾ?" ಅಂದರು. ನಾನು ಖುಷಿಯಾಗಿ ಹೌದು ಅಂದೆ. ಒಂದು ಮಾರ್ಕು ಹೆಚ್ಚಿಗೆ ಬಂದ ಮಗುವಿನ ಹಾಗೆ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲ ಮುಗಿದು ಏಳುವಾಗ ನನ್ನ ಗಂಡ, ಮುಂಬಾಗಿಲಿನ ಮೂರು ಮೆಟ್ಟಿಲಿಗೆ ಮಡಚುವ ರ‍್ಯಾಂಪ್ ಒಂದನ್ನು ನಾವೇ ತಂದು ಹಾಕಿಕೊಳ್ಳುತ್ತೇವೆ ಅಂದರು. ಯಾರಿಗೆ ಅಂದರು ಓನರ್. ಅಮ್ಮನಿಗೆ ಅಂದೆವು.

ಅವರ ದನಿ ಬದಲಾಗಲಿಲ್ಲ, ಇನ್ನಷ್ಟು ಮೆತ್ತಗಾಯಿತು. ಚಳಿಗಾಲದಲ್ಲಿ ಇಲ್ಲೆಲ್ಲ ಐಸ್ ಕಟ್ಟುತ್ತೆ ಬೆಹೆನ್‌ಜೀ. ಕಾರಿಡಾರ್ ಸಣ್ಣದು. ಚಕ್ರಕ್ಕೆ ಮರದ ನೆಲ ಗೀಚಿ ಹೋಗುತ್ತೆ, ಅದು ಬಿಡಿ, ನನಗೇನಿಲ್ಲ. ನಿಮ್ಮ ತಾಯಿಗೇ ಕಷ್ಟ ಆಗುತ್ತೆ. ಲಿಫ್ಟ್ ಇರೋ ಬಿಲ್ಡಿಂಗ್ ನೋಡಿ, ನನ್ನ ತಾಯಿ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ. ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಜಾಹೀರಾತು ಮುಂದಿನ ಮೂರು ವಾರ ಹಾಗೇ ಇತ್ತು.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವಾಗ ನನಗೆ ನೆನಪಾಗಿದ್ದು ಅಪ್ಪ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಮಹಡಿ ಮನೆ ಬಾಡಿಗೆಗೆ ಇತ್ತು. ನಾನು ಆರನೇ ಕ್ಲಾಸೋ ಏಳನೇ ಕ್ಲಾಸೋ. ಗೇಟಿಗೆ ಟು-ಲೆಟ್ ಬೋರ್ಡು ನೇತುಹಾಕೋದು, ಬಂದವರಿಗೆ ಬೀಗ ತೆಗೆದು ಮನೆ ತೋರಿಸೋದು ನನ್ನ ಕೆಲಸ. ಒಂದು ಭಾನುವಾರ ಒಬ್ಬರು ಬಂದರು. ಯಾವುದೋ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಒಂದು ಕಾಲಿಗೆ ಪೋಲಿಯೊ, ಪ್ಯಾಂಟಿನ ಒಳಗೆ ಕ್ಯಾಲಿಪರ್. ಮೆಟ್ಟಿಲು ಹತ್ತುವಾಗ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಕಂಬಿ ಹಿಡಿದು ನನಗಿಂತ ಬೇಗ ಹತ್ತಿದರು. ಅಡುಗೆ ಮನೆ ನೋಡಿದರು, ನಲ್ಲಿ ತಿರುಗಿಸಿ ನೀರು ನೋಡಿದರು. ಕೆಳಗಿಳಿದು ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ಇನ್ನೊಂದು ಸಲ ಹತ್ತಿದರು. ಇಬ್ಬರಿಗೂ ಮನೆ ಒಪ್ಪಿಗೆಯಾಯಿತು. ಅಪ್ಪ ಜಗಲಿ ಮೇಲೆ ಪೇಪರ್ ಮಡಚುತ್ತಾ, "ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟುತ್ತೆ ಸಾರ್. ನಿಮಗೇ ಕಷ್ಟ ಆಗುತ್ತೆ" ಅಂದರು. ಅವರು ಒಂದು ಕ್ಷಣ ಸುಮ್ಮನಿದ್ದು, "ಎರಡು ಸಲ ಹತ್ತಿ ಇಳಿದಾಯ್ತಲ್ಲ ಸಾರ್" ಅಂದರು. ಅಪ್ಪ ನಕ್ಕರು. "ಆದರೂ" ಅಂದರು. ಆ 'ಆದರೂ' ಆದಮೇಲೆ ಮಾತು ಇರಲಿಲ್ಲ. ಅವರ ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಕೆನ್ನೆ ಸವರಿ ಹೋದರು.

ಆಮೇಲೆ ಮನೆ ಕೊಟ್ಟಿದ್ದು 'ನಮ್ಮ ಜನ'ಕ್ಕೇ. ಅವರ ಜೊತೆಗಿದ್ದ ಅಜ್ಜಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಅವರಿಗೆ ಕಷ್ಟ ಆಗುತ್ತೆ ಅಂತ ಅಪ್ಪನಿಗೆ ಯಾವತ್ತೂ ಅನ್ನಿಸಲಿಲ್ಲ. ಬೋರ್ಡು ನೋಡಿ ಬಂದವರಿಗೆ ಅಪ್ಪನ ಮೊದಲ ಪ್ರಶ್ನೆ "ನೀವು ಯಾವ ಜನ?" ಅಂತಲೇ ಇರುತ್ತಿತ್ತು. ಅದನ್ನು ಸ್ವಲ್ಪ ನಯ ಮಾಡಿದರೆ "ವೆಜ್ಜಾ?" ಆಗುತ್ತದೆ. ಬ್ರಾಂಪ್ಟನ್‌ನಲ್ಲಿ ಟೀ ಲೋಟ ಹಿಡಿದು ನಾನು ಖುಷಿಯಾಗಿ ಹೌದು ಅಂದಿದ್ದು ಅದಕ್ಕೇ. ಆ ಜರಡಿಯಲ್ಲಿ ನಾನು ಕೆಳಗೆ ಬೀಳುವುದಿಲ್ಲ ಅಂತ ಗೊತ್ತಿತ್ತು. ಅಮ್ಮನ ಚಕ್ರದ ಕುರ್ಚಿಗೆ ಜರಡಿಯ ಕಣ್ಣು ಬೇರೆ ಅಳತೆಯದು ಅಂತ ಗೊತ್ತಿರಲಿಲ್ಲ. ಆಮೇಲಿನ ವರ್ಷ, 2023ರಲ್ಲಿ, ನಾವಿರುವ ಪ್ರಾಂತ್ಯ ಒಂಟಾರಿಯೊದ ಮಾನವ ಹಕ್ಕು ಆಯೋಗ ಜಾತಿ ತಾರತಮ್ಯವೂ ಇಲ್ಲಿನ ಕಾನೂನಿನಡಿ ತಪ್ಪು ಅಂತ ಸ್ಪಷ್ಟ ಮಾಡಿತು. ನಾವು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಒಂದನ್ನೇ ತಂದಿಲ್ಲ ಅಂತ ಇವರಿಗೂ ಗೊತ್ತಾಗಿದೆ.

ಲೆಕ್ಕಕ್ಕೆ ಸಿಗದ ಮಾತು

ಬ್ರಾಂಪ್ಟನ್ ಓನರ್ ಮೇಲೆ ದೂರು ಕೊಡು ಅಂದರು ಆಫೀಸಿನ ಗೆಳತಿ. ಕೊಡಬಹುದಿತ್ತು. ಒಂಟಾರಿಯೊದಲ್ಲಿ ಮನೆ ಬಾಡಿಗೆಗೆ ಕೊಡುವಾಗ ಅಂಗವೈಕಲ್ಯ, ಬಣ್ಣ, ಹುಟ್ಟಿದ ಊರು ನೋಡಿ ಬೇಡ ಅನ್ನುವ ಹಾಗಿಲ್ಲ. ಓನರ್ ಜೊತೆಗೇ ಅಡುಗೆ ಮನೆಯನ್ನೋ ಬಚ್ಚಲನ್ನೋ ಹಂಚಿಕೊಳ್ಳುವ ಮನೆಯಾದರೆ ಮಾತ್ರ ವಿನಾಯ್ತಿ. ರೂಮು ಹುಡುಕುವ ಹೊಸ ಹುಡುಗರಿಗೆ ಹೆಚ್ಚಾಗಿ ಸಿಗುವುದು ಅಂಥ ಮನೆಗಳೇ. ನಮ್ಮದು ಹಾಗಿರಲಿಲ್ಲ. ಒಂದು ವರ್ಷದೊಳಗೆ ಮಾನವ ಹಕ್ಕು ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಆದರೆ ಅರ್ಜಿಯಲ್ಲಿ ಏನು ಬರೆಯಲಿ? 'ಟೀ ಕೊಟ್ಟರು, ನಿಮ್ಮ ತಾಯಿಗೆ ಕಷ್ಟ ಆಗುತ್ತೆ ಅಂದರು' ಅಂತಲಾ? ಅವರು ಇಲ್ಲ ಅಂದಿದ್ದರೆ ದೂರು ಕೊಡಬಹುದಿತ್ತು. ಅವರು ಇಲ್ಲ ಅನ್ನಲೇ ಇಲ್ಲವಲ್ಲ. ನಾವೇ ಎದ್ದು ಬಂದೆವು.

ಇಂಥದ್ದನ್ನು ಹಿಡಿಯೋಕೆ ಅಮೆರಿಕದಲ್ಲಿ ಒಂದು ಹಳೆಯ ಉಪಾಯ ಇದೆ. 1978ರಲ್ಲಿ ವರ್ಜೀನಿಯಾದ ರಿಚ್ಮಂಡ್ ಹತ್ತಿರದ ಅಪಾರ್ಟ್‌ಮೆಂಟುಗಳಿಗೆ ಒಬ್ಬ ಕಪ್ಪು ಮಹಿಳೆ, ಒಬ್ಬ ಬಿಳಿಯ ವ್ಯಕ್ತಿ ಬೇರೆ ಬೇರೆಯಾಗಿ ಹೋಗಿ ಮನೆ ಕೇಳಿದರು. ಇಬ್ಬರಿಗೂ ಮನೆ ಬೇಕಿರಲಿಲ್ಲ. ಪರೀಕ್ಷೆಗೆ ಹೋದವರು ಅವರು. ಆಕೆಗೆ ಖಾಲಿ ಇಲ್ಲ ಅಂದರು, ಆತನಿಗೆ ಇದೆ ಅಂದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಮನೆ ಬೇಡದಿದ್ದರೂ ಸುಳ್ಳು ಹೇಳಿಸಿಕೊಂಡಿದ್ದಕ್ಕೆ ಆಕೆ ಕೇಸು ಹಾಕಬಹುದು ಅಂತ 1982ರಲ್ಲಿ ಕೋರ್ಟು ಹೇಳಿತು. ಒಬ್ಬರಿಗೆ ಹೇಳಿದ ಮಾತು ಪಕ್ಕದಲ್ಲಿ ಇನ್ನೊಬ್ಬರಿಗೆ ಹೇಳಿದ್ದನ್ನು ಇಟ್ಟರೆ ಮಾತ್ರ ಬಣ್ಣ ತೋರಿಸುತ್ತದೆ. ನನ್ನ ಬಳಿಯೂ ಎರಡು ಮಾತು ಇವೆ, ಅಕ್ಕಪಕ್ಕ ಇಡಬಹುದು. ಒಂದು ಓನರದ್ದು, ಇನ್ನೊಂದು ಅಪ್ಪನದ್ದು. ಯಾವ ಟ್ರಿಬ್ಯೂನಲ್‌ಗೂ ಬೇಡದ ಸಾಕ್ಷಿ.

ಕೆನಡಾದಲ್ಲಿ ನಿಗಾ ಇಡುವವರು ಇಲ್ಲವೆಂದಲ್ಲ. ಮನೆ ಅನ್ನುವುದು ಮಾನವ ಹಕ್ಕು ಅಂತ 2019ರಲ್ಲಿ ಕಾನೂನೇ ಮಾಡಿದ್ದಾರೆ. ಅದರಡಿಯಲ್ಲಿ ಒಬ್ಬ ಫೆಡರಲ್ ಹೌಸಿಂಗ್ ಅಡ್ವೊಕೇಟ್ ಇರುತ್ತಾರೆ. ವಕೀಲರಲ್ಲ, ಮನೆಯ ಹಕ್ಕಿನ ಪರ ದನಿ ಎತ್ತುವವರು. 2022ರಲ್ಲಿ ಮರಿ-ಜೋಸೆ ಊಲ್ ಮೊದಲ ಅಡ್ವೊಕೇಟ್ ಆದರು. ಪಾರ್ಕುಗಳಲ್ಲಿ ಟೆಂಟ್ ಹಾಕಿಕೊಂಡು ಬದುಕುವವರ ಬಗ್ಗೆ 2024ರ ಫೆಬ್ರವರಿಯಲ್ಲಿ ಅವರು ಕೊಟ್ಟ ವರದಿ ಕಟುವಾಗಿತ್ತು. ಇಂಥ ವರದಿ ಕೈಗೆ ಬಂದ 120 ದಿನದೊಳಗೆ ಮಂತ್ರಿ ಉತ್ತರ ಕೊಡಬೇಕು. ಯಾರು ಬೇಕಾದರೂ ಈ ಅಡ್ವೊಕೇಟಿಗೆ ತಮ್ಮ ಅನುಭವ ಬರೆದು ಕಳಿಸಬಹುದು. ನಿಮ್ಮೊಬ್ಬರ ಜಗಳ ಅವರು ಬಿಡಿಸುವುದಿಲ್ಲ, ನಿಮ್ಮಂಥವರ ನೂರು ಕತೆ ಸೇರಿದಾಗ ಕಾಣುವ ಆಕಾರವನ್ನು ಹುಡುಕುತ್ತಾರೆ. ಇದು ಸರಿಯಾದ ದಾರಿ ಅಂತಲೇ ನನಗೆ ಅನ್ನಿಸುತ್ತದೆ. ಕತೆ ಬರೆದು ಕಳಿಸುವವರಿಗೆ ಪುರುಸೊತ್ತು, ಇಂಗ್ಲಿಷ್, ಧೈರ್ಯ ಮೂರೂ ಇರಬೇಕು ಅನ್ನೋದು ಬೇರೆ ಮಾತು. ಅಮ್ಮನಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವರು ಇಲ್ಲಿ ಬರೀ ಅತಿಥಿ.

ನಾನು ಸಂಬಳದವಳು, ಇನ್ನೊಂದು ಮನೆ ಹುಡುಕಿಕೊಂಡೆ. ಒಂಟಾರಿಯೊದ ಅಂಗವಿಕಲರ ಭತ್ಯೆಯಲ್ಲೇ ಬದುಕುವ ಒಂಟಿ ಮನುಷ್ಯನಿಗೆ 2024ರಲ್ಲಿ ತಿಂಗಳಿಗೆ ಹೆಚ್ಚೆಂದರೆ 1,368 ಡಾಲರ್ ಬರುತ್ತಿತ್ತು. ಅದರಲ್ಲಿ ಬಾಡಿಗೆಗೆ ಅಂತ ಇಟ್ಟಿದ್ದು 582. ಟೊರೊಂಟೊದಲ್ಲಿ ಆ ದುಡ್ಡಿಗೆ ಒಂದು ರೂಮು ಕೇಳಿ ನೋಡಿ, ಫೋನಿನಲ್ಲೇ ನಗುತ್ತಾರೆ.

ನಿಗಾಕ್ಕೆ ಹಲ್ಲು ಬಂದರೆ ಹೇಗಿರುತ್ತೆ ಅನ್ನೋದಕ್ಕೆ ಕೆನಡಾದ ಇನ್ನೊಂದು ಪ್ರಾಂತ್ಯ ನೋವಾ ಸ್ಕೋಷಿಯಾ ನೋಡಬೇಕು. ಅಲ್ಲಿ ಬುದ್ಧಿಮಾಂದ್ಯ ಇರುವ ಕೆಲವರನ್ನು ಹ್ಯಾಲಿಫ್ಯಾಕ್ಸ್ ಕಡೆಯ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದರು. ಊರಿನಲ್ಲಿ ಎಲ್ಲರ ನಡುವೆ ಬದುಕಬಲ್ಲರು ಅಂತ ಡಾಕ್ಟರುಗಳೇ ಹೇಳಿದ್ದರೂ ಕಳಿಸೋಕೆ ಮನೆ ಇರಲಿಲ್ಲ. ಒಬ್ಬಾಕೆ ಹಾಗೆ ಹತ್ತು ವರ್ಷಕ್ಕೂ ಮೇಲೆ ಕಳೆದರು. ಇದು ಸರ್ಕಾರ ಇಡೀ ಗುಂಪಿಗೆ ಮಾಡಿದ ತಾರತಮ್ಯ ಅಂತ 2021ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು. ಆಮೇಲೆ ಐದು ವರ್ಷದ ಯೋಜನೆ, ಅದು ನಡೆಯುತ್ತಿದೆಯಾ ಅಂತ ನೋಡೋಕೆ ಸರ್ಕಾರದ ಹೊರಗಿನ ಒಬ್ಬ ಮಾನಿಟರ್. ವಾರ್ಡಿನಲ್ಲಿ ಹತ್ತು ವರ್ಷ ಕಳೆದ ಆಕೆ ಮಾತ್ರ ಕೋರ್ಟಿನ ಮಾತು ಬರುವ ಕೆಲವೇ ದಿನ ಮೊದಲು ತೀರಿಕೊಂಡಿದ್ದರು.

ಕಾಲ್ ಜಾಸ್ತಿ ಇರುತ್ತೆ

ಆಫೀಸಿನ ಫಾರಂಗೆ ವಾಪಸ್ ಬರುತ್ತೇನೆ. ಎರಡು ವರ್ಷದ ಹಿಂದೆ ಟೀಮ್ ಲೀಡ್ ಜಾಗ ಖಾಲಿಯಾಯಿತು. ನನ್ನ ಹೆಸರು ಮುಂದಿತ್ತು. ಮ್ಯಾನೇಜರ್ ಒಳ್ಳೆಯ ಮನುಷ್ಯ. ಯಾವತ್ತೋ ಊಟದ ಹೊತ್ತಿನಲ್ಲಿ ನನ್ನ ಕಿವಿಯ ವಿಷಯ ಅವನಿಗೆ ನಾನೇ ಹೇಳಿದ್ದೆ. ಅವನು ಕರೆದು ಕೂರಿಸಿಕೊಂಡು, ಆ ಕೆಲಸದಲ್ಲಿ ದಿನವಿಡೀ ಕಾನ್ಫರೆನ್ಸ್ ಕಾಲ್, ಒಂದೇ ಸಲಕ್ಕೆ ಹತ್ತು ಜನ ಮಾತಾಡ್ತಾರೆ, ನಿನಗೆ ಸುಸ್ತಾಗಬಹುದು, ನಿನಗೋಸ್ಕರ ಹೇಳ್ತಿದೀನಿ ಅಂದ. ಇಂಗ್ಲಿಷಿನಲ್ಲೇ ಅಂದ. ನನಗೆ ಮಾತ್ರ ಅದು ಅಪ್ಪನ ದನಿಯಲ್ಲಿ, ಸರಸ್ವತಿಪುರಂ ಕನ್ನಡದಲ್ಲಿ ಕೇಳಿಸಿತು.

ತಮಾಷೆ ಏನೆಂದರೆ, ಆಫೀಸಿನ ದಾಖಲೆಯಲ್ಲಿ ನನ್ನ ಕಿವಿ ಇಲ್ಲವೇ ಇಲ್ಲ. ಐದು ವರ್ಷ ಖಾಲಿ ಬಿಟ್ಟಿದ್ದೆನಲ್ಲ. ಹಾಗಾಗಿ ಅಂಗವೈಕಲ್ಯ ಇರುವ ಒಬ್ಬ ಉದ್ಯೋಗಿಗೆ ಬಡ್ತಿ ತಪ್ಪಿತು ಅನ್ನುವ ಸಾಲು ಆ ವರ್ಷದ ವರದಿಯಲ್ಲಿ ಎಲ್ಲೂ ಬರುವ ಹಾಗೇ ಇರಲಿಲ್ಲ. ಒಬ್ಬ ಕಂದು ಹೆಂಗಸು ಇದ್ದ ಜಾಗದಲ್ಲೇ ಇದ್ದಳು, ಅಷ್ಟೆ. 'ವಿಸಿಬಲ್' ಅನ್ನುವ ಕಾಲಂನಲ್ಲಿ ನಾನು ಎದ್ದು ಕಾಣುತ್ತೇನೆ, ಕಿವಿ ಯಾರಿಗೂ ಕಾಣುವುದಿಲ್ಲ. (ಆ ಪದವೂ ಹೋಗುವ ಲಕ್ಷಣ ಇದೆ. ಅಡೆಲ್ ಬ್ಲ್ಯಾಕೆಟ್ ನೇತೃತ್ವದ ಸಮಿತಿ 2023ರ ಡಿಸೆಂಬರಿನಲ್ಲಿ, ಅದರ ಬದಲು 'ರೇಷಿಯಲೈಸ್ಡ್' ಅನ್ನಿ ಅಂತ ಹೇಳಿತು. ಅಂದರೆ ಬಣ್ಣ ನಮ್ಮಲ್ಲಿರೋದಲ್ಲ, ನೋಡುವವರು ನಮಗೆ ಅಂಟಿಸಿದ್ದು. ಕನ್ನಡದಲ್ಲಿ ಇದಕ್ಕೊಂದು ಪದ ಹುಡುಕಿ ಸೋತೆ.) 2022ರ ಅದೇ ಸಮೀಕ್ಷೆಯ ಪ್ರಕಾರ ಇಲ್ಲಿ 25ರಿಂದ 64 ವಯಸ್ಸಿನ ಅಂಗವಿಕಲರಲ್ಲಿ ಕೆಲಸ ಇರುವವರು ಶೇ. 62, ಉಳಿದವರಲ್ಲಿ ಶೇ. 78. ಆ ಶೇ. 62ರ ಒಳಗೆ, ಕೆಲಸ ಇದ್ದೂ ನನ್ನ ಹಾಗೆ ನಿಂತಲ್ಲೇ ನಿಂತವರು ಎಷ್ಟು ಅಂತ ಆಫೀಸಿನ ಫಾರಂ ಹೇಳಬೇಕು. ಆ ಫಾರಂ ನನ್ನಂಥವರು ಬಾಯಿಬಿಟ್ಟರೆ ಮಾತ್ರ ಮಾತಾಡುತ್ತದೆ. ನಾವಾಗಿ ಹೇಳಿಕೊಂಡರೆ, ಇಲ್ಲವೇ ಹಾಗೆ ಗುರುತಿಸೋಕೆ ಒಪ್ಪಿದರೆ ಮಾತ್ರ ಎಣಿಸಬೇಕು ಅಂತ ಕಾಯ್ದೆಯಲ್ಲೇ ಇದೆ.

ಬಾಯಿಬಿಡೋಕೆ ಯಾಕೆ ಹೆದರುತ್ತಾರೆ ಅನ್ನುವವರಿಗೆ ಒಂದು ಉದಾಹರಣೆ. ಈ ಕಾಯ್ದೆ ಸರಿಯಾಗಿ ನಡೆಯುತ್ತಿದೆಯಾ ಅಂತ ಆಡಿಟ್ ಮಾಡುವುದು ಕೆನಡಾದ ಮಾನವ ಹಕ್ಕು ಆಯೋಗ. ಹೌಸಿಂಗ್ ಅಡ್ವೊಕೇಟ್ ಕಚೇರಿ ಇರುವುದೂ ಅಲ್ಲೇ, ವಿಶ್ವಸಂಸ್ಥೆಯ ಅಂಗವಿಕಲರ ಒಪ್ಪಂದದ ಮೇಲೆ ಕಣ್ಣಿಡುವ ಕೆಲಸವೂ 2019ರಿಂದ ಅವರದ್ದೇ. ಆ ಆಯೋಗದ ಒಳಗೇ ಕಪ್ಪು ಮತ್ತು ಇತರ ಬಣ್ಣದ ನೌಕರರು ತಮಗೆ ತಾರತಮ್ಯ ಆಗುತ್ತಿದೆ ಅಂತ ದೂರು ಕೊಟ್ಟರು. ಆಯೋಗ ತಾರತಮ್ಯ ಮಾಡಬಾರದೆಂಬ ಒಪ್ಪಂದ ಮುರಿದಿದೆ ಅಂತ 2023ರ ಮಾರ್ಚಿನಲ್ಲಿ ಸರ್ಕಾರದ ಖಜಾನೆ ಮಂಡಳಿಯ ಕಚೇರಿಯೇ ಒಪ್ಪಿತು. ಸೆನೆಟ್ ಸಮಿತಿಯೊಂದು ವಿಚಾರಣೆ ನಡೆಸಿ ವರದಿ ಕೊಟ್ಟಿತು. ದೀಪದ ಬುಡದಲ್ಲಿ ಕತ್ತಲೆ ಅಂತ ನಮ್ಮವರು ಅನ್ನಬಹುದು. ನನಗೆ ಅದನ್ನು ಓದಿ ಒಂದು ಥರ ಧೈರ್ಯ ಬಂತು. ಹಕ್ಕಿನ ಕಾನೂನನ್ನು ಅರೆದು ಕುಡಿದವರಿಗೂ ತಮ್ಮ ಬಗ್ಗೆ ಬಾಯಿಬಿಡೋದು ಸುಲಭ ಇರಲಿಲ್ಲ, ಆದರೂ ಬಿಟ್ಟರು.

ಕಳೆದ ವರ್ಷ ನಾಲ್ಕನೆಯ ಪ್ರಶ್ನೆಗೆ ಹೌದು ಅಂತ ಟಿಕ್ ಮಾಡಿದೆ. ಏನೂ ಆಗಲಿಲ್ಲ. ಧನ್ಯವಾದ ಅಂತ ತಾನಾಗೇ ಬರುವ ಒಂದು ಮೇಲ್ ಬಂತು. ಮಾರನೇ ವಾರ ಮ್ಯಾನೇಜರ್‌ಗೆ, ಮೀಟಿಂಗಿನಲ್ಲಿ ಕ್ಯಾಪ್ಷನ್ ಹಾಕಿ, ಒಬ್ಬೊಬ್ಬರೇ ಮಾತಾಡಿ ಅಂತ ಬರೆದೆ. ಹಾಕಿದ. ನಮ್ಮ ಟೀಮಿನಲ್ಲಿ ಈಗ ಕ್ಯಾಪ್ಷನ್ ಜಾಸ್ತಿ ಓದುವವರು ಚೀನಾದಿಂದ ಹೊಸದಾಗಿ ಬಂದ ಇಬ್ಬರು. ನನ್ನ ಹೆಸರನ್ನು ಮಾತ್ರ ಅದು ಬೇರೆ ಬೇರೆ ಐದು ಥರ ಬರೆಯುತ್ತದೆ.

ಅಮ್ಮ ಈಗ ಮಿಸಿಸಾಗಾದಲ್ಲಿ ನಮ್ಮ ಜೊತೆ ಒಂಬತ್ತನೇ ಮಹಡಿಯಲ್ಲಿದ್ದಾರೆ. ಲಿಫ್ಟ್ ಇದೆ, ಬಾಡಿಗೆ ನಾನೂರು ಡಾಲರ್ ಜಾಸ್ತಿ. ಮೊನ್ನೆ ಕಿಟಕಿ ಹತ್ತಿರ ಕೂತು ಚಿಕ್ಕಮ್ಮನ ಜೊತೆ ವಾಟ್ಸ್ಆ್ಯಪ್‌ನಲ್ಲಿ ಮಾತಾಡುತ್ತಿದ್ದರು. ನಾನು ಅವರ ಹಿಂದೆ ಬಟ್ಟೆ ಮಡಚುತ್ತಿದ್ದೆ. ಹಳೆಯ ಮನೆ, ಹೊಸ ಮನೆ ಅಂತ ಮಾತು ಬಂದು, ಬ್ರಾಂಪ್ಟನ್ ಮನೆಯ ವಿಷಯ ಬಂತು. ನಾನು ಬಲಗಿವಿ ಆ ಕಡೆ ತಿರುಗಿಸಿದೆ.

"ಅವ್ರು ಒಳ್ಳೇವ್ರೇ ಕಣೆ. ಇವ್ರಿಗೆ ಟೀ ಎಲ್ಲ ಮಾಡ್ಕೊಟ್ರಂತೆ. ಮೂರು ಮೆಟ್ಲಿತ್ತಂತೆ. ಏನ್ ಮಾಡಕ್ಕಾಗುತ್ತೆ, ನಮಗೇ ಕಷ್ಟ ಆಗ್ತಿತ್ತು."